ಬೀಡಿನ ಮ್ಯಾನಿಫೋಲ್ಡೇ ಇರ್ಲಾ, ಹೆಡರ್ ಹಾಕಿಸ್ಲಾ?

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಎಲ್ಲಾ ಒಟ್ಟಿಗೆ ಹಾಕಿ ನೋಡಿದ್ರೆ ಅರ್ಧಕ್ಕರ್ಧ ಒಂದೇ ವಿಷ್ಯ. ಎಂಜಿನ್ನಿಂದ ಹೊಗೆ ಹೊರಗ್ ಬರೋ ಮೊದಲನೇ ಒಂದೂವರೆ ಅಡಿ ಜಾಗ ಇದ್ಯಲ್ಲ, ಅಲ್ಲಿ ಕಂಪನಿ ಕೊಟ್ಟಿರೋ ಬೀಡಿನ, ಅಂದ್ರೆ ಎರಕದ ಕಬ್ಬಿಣದ, ಮ್ಯಾನಿಫೋಲ್ಡ್ (ಎಲ್ಲಾ ಸಿಲಿಂಡರಿನ ಹೊಗೆ ಒಟ್ಟು ಮಾಡೋ ತುಂಡು) ಬಿಚ್ಚಿಟ್ಟು, ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಪೈಪ್ ಇರೋ ಹೆಡರ್ ಹಾಕಿಸ್ಬೇಕಾ ಬೇಡ್ವಾ ಅನ್ನೋದು. ಹಾಗಾಗಿ ಕ್ಲಚ್ಚು ಬ್ಯಾಟ್ರಿ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬೇಜಾರ್ ಮಾಡ್ಕೋಬೇಡಿ. ಇನ್ನೊಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಗ್ಯಾರೇಜ್ ಹಾಕೋಕ್ ಮುಂಚೆ ನಾನು ಬೆಳಗಾವಿ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲ್ಸ ಮಾಡ್ದೋನು, ಬೀಡು ಕಂಡ್ರೆ ನಂಗೆ ಪ್ರೀತಿ ಒಂದು ಮುಷ್ಟಿ ಜಾಸ್ತಿನೇ, ಅಷ್ಟನ್ನ ಕಳೆದು ಓದ್ಕೊಳ್ಳಿ.

ಪ್ರಶ್ನೆ: ಸಾರ್ ನಮಸ್ಕಾರ. ನಮ್ದು 2009ರ ಜಿಪ್ಸಿ, ಎಂಪಿಎಫ್‌ಐ ಪೆಟ್ರೋಲು. ವಾರ ಪೂರ್ತಿ ತೋಟದ ಕೆಲ್ಸ, ಗೊಬ್ಬರದ ಚೀಲ ಮೆಣಸಿನ ಮೂಟೆ ಎಲ್ಲಾ ಅದ್ರಲ್ಲೇ, ಭಾನುವಾರ ಬಿಸಿಲೆ ಕಡೆ ಒಂದು ರೌಂಡು. ಏರಲ್ಲಿ ಪಿಕಪ್ ಸಾಲ್ತಿಲ್ಲ. ಫ್ರೆಂಡ್ ಒಬ್ಬ ಬೆಂಗಳೂರಿಗೆ ಹೋಗಿ ನಾಲ್ಕು ಪೈಪು ಒಂದೇ ಕಡೆ ಸೇರೋ ಹೆಡರ್ ಮಾಡಿಸ್ಕೊಂಡು ಬಂದ, 45 ಎಂಎಂ ಪೈಪು, ಸೌಂಡ್ ಅಂತೂ ಸೂಪರ್. ನಾನೂ ಹಾಕಿಸ್ಲಾ? ಇಲ್ಲಿನ ಮೆಕ್ಯಾನಿಕ್ಕು ಬ್ಯಾಕ್ ಪ್ರೆಶರ್ (ಹೊಗೆಗೆ ಎದುರು ಒತ್ತೋ ಒತ್ತಡ) ಹೋಗುತ್ತೆ ಅಂತ ಹೆದರಿಸ್ತಾರೆ.
— ಸಕಲೇಶಪುರದ ಓದುಗರು

ಉತ್ತರ: ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಇದು ತಲೆಗೆ ಹೋದ್ರೆ ಉಳಿದವ್ರ ಪತ್ರಕ್ಕೂ ಅರ್ಧ ಉತ್ತರ ಸಿಕ್ಕಂಗೆ.

ಎಕ್ಸಾಸ್ಟ್ ವಾಲ್ವ್ ತೆರೆದ ತಕ್ಷಣ ಸಿಲಿಂಡರ್ ಒಳಗಿದ್ದ ಒತ್ತಡ ಪಟಾಕಿ ಹೊಡ್ದಂಗೆ ಪೈಪಿಗೆ ನುಗ್ಗುತ್ತೆ. ಆ ಒತ್ತಡದ ಅಲೆ ಪೈಪಲ್ಲಿ ಓಡಿ, ಪೈಪುಗಳೆಲ್ಲಾ ಸೇರೋ ಕಲೆಕ್ಟರ್ ಹತ್ರ ಜಾಗ ದಿಢೀರ್ ಅಗಲ ಆಗುತ್ತಲ್ಲ, ಅಲ್ಲಿಂದ ಉಲ್ಟಾ ತಿರುಗಿ ಎಳೆಯೋ ಅಲೆಯಾಗಿ ವಾಪಸ್ ಬರುತ್ತೆ. ಅದು ವಾಲ್ವ್ ಹತ್ರ ಬಂದ್ ಮುಟ್ಟೋ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ಇನ್ನೂ ಮುಚ್ಚಿರಬಾರದು, ಇಂಟೇಕ್ ವಾಲ್ವು ಸ್ವಲ್ಪ ಬಾಯಿ ಬಿಟ್ಟಿರ್ಬೇಕು, ಆಗ ಉಳಿದ ಹೊಗೇನೂ ಎಳ್ಕೊಂಡು ಹೋಗುತ್ತೆ, ಹೊಸಾ ಗಾಳೀನೂ ಒಳಗೆ ಎಳೀತದೆ. ಹೆಡರ್‌ದು ಇರೋದು ಇದೊಂದೇ ಮಂತ್ರ. ಜೋಕಾಲಿ ತಳ್ಳೋ ಥರ, ಹೊತ್ತು ಸರಿ ಇದ್ರೆ ಬೆರಳಲ್ಲಿ ತಳ್ಳಿದ್ರೂ ಮೇಲಕ್ಕೆ ಹೋಗುತ್ತೆ, ಹೊತ್ತು ತಪ್ಪಿದ್ರೆ ಹಲಗೆ ಬಂದು ಮೊಣಕಾಲಿಗೆ ಬಡಿಯುತ್ತೆ. ಹೊತ್ತು ಸರಿ ಬರೋದು ಪೈಪಿನ ಉದ್ದ ಮತ್ತೆ ಆರ್‌ಪಿಎಂ ಎರಡೂ ತಾಳೆ ಆದಾಗ ಮಾತ್ರ.

ಇದಕ್ಕೆ ಹಳೇ ಟ್ಯೂನರ್‌ಗಳು ಬಳಸೋ ಒಂದು ಅಂದಾಜು ಲೆಕ್ಕ ಇದೆ. ಪಿಸ್ಟನ್ ಪೂರ್ತಿ ಕೆಳಗೆ ಬರೋಕೆ ಎಷ್ಟು ಡಿಗ್ರಿ ಮುಂಚೆ ಎಕ್ಸಾಸ್ಟ್ ವಾಲ್ವ್ ತೆರೆಯುತ್ತೆ ನೋಡಿ ಅದಕ್ಕೆ 180 ಸೇರಿಸಿ, 850ರಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ, 3 ಕಳೀರಿ. ಬಂದಿದ್ದು ಪೈಪಿನ ಉದ್ದ, ಇಂಚಲ್ಲಿ. 50 ಡಿಗ್ರಿ ಅಂತ ಇಟ್ಕೊಳ್ಳಿ. 6000 ಆರ್‌ಪಿಎಂಗೆ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ 30 ಇಂಚು ಬರುತ್ತೆ, ಸರಿ, ಬಾನೆಟ್ ಒಳಗೆ ಹಾವು ಸುತ್ತಿದಂಗೆ ಸುತ್ತಿ ಹೇಗೋ ಇಳಿಸ್ಬಹುದು. ನೀವು ಗೊಬ್ಬರದ ಚೀಲ ಹೊತ್ಕೊಂಡು ಏರು ಹತ್ತೋದು 3000ದ ಆಸುಪಾಸು, ಅದಕ್ಕೆ ಲೆಕ್ಕ ಹಾಕಿ ನೋಡಿ, 62 ಇಂಚು! ಒಂದೊಂದು ಸಿಲಿಂಡರಿಗೂ ಐದಡಿ ಮೇಲೆ ಪೈಪು, ಅಂಥವು ನಾಲ್ಕು. ಅಷ್ಟು ಪೈಪಲ್ಲಿ ತೋಟಕ್ಕೆ ಗೇಟೇ ಮಾಡಿಸ್ಬಹುದು.

ಅಂದ್ರೆ ಮಾರ್ಕೆಟ್ಟಲ್ಲಿ ಸಿಗೋ ಹೆಡರ್ ಸಹಾಯ ಮಾಡೋದು ಮೇಲಿನ ಆರ್‌ಪಿಎಂಗೆ. ನಿಮ್ಮ ಎಂಜಿನ್ನು 1298 ಸಿಸಿ, ಕಂಪನಿ ಲೆಕ್ಕದಲ್ಲಿ 80 ಬಿಎಚ್‌ಪಿ ಬರೋದು 6000ದಲ್ಲಿ, ಟಾರ್ಕ್ 103 ನ್ಯೂಟನ್ ಮೀಟರ್ ಬರೋದೇ 4500ರಲ್ಲಿ. ಮೊದ್ಲೇ ಮೇಲೆ ಉಸಿರಾಡೋ ಎಂಜಿನ್ ಅದು, ಅದನ್ನ ಇನ್ನೂ ಮೇಲಕ್ಕೆ ಎಳೆದ್ರೆ ಕೆಳಗೆ ನಿಮಗೆ ಉಳಿಯೋದೇನು.

ಇನ್ನು ಆ 45 ಎಂಎಂ ಪೈಪು. ಒಂದು ಸಿಲಿಂಡರ್ ಸುಮಾರು 325 ಸಿಸಿ, ಅದಕ್ಕೆ 30 ಇಂಚು ಉದ್ದದ ಪೈಪಿಗೆ ಒಳಗಿನ ಅಳತೆ 33, 34 ಎಂಎಂ ಇದ್ರೆ ಸಾಕು. 45 ಹಾಕಿದ್ರೆ ಪೈಪಿನ ಒಳ ಜಾಗ ಒಂದೂವರೆ ಪಟ್ಟಿಗಿಂತ ಮೇಲೆ ಹೋಗುತ್ತೆ, ಹೊಗೆ ಓಡಲ್ಲ, ತೂಕಡಿಸ್ತಾ ನಡಿಯುತ್ತೆ. ತೋಟದಲ್ಲಿ ನೀರು ಬಿಡೋವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ದೂರ ಚಿಮ್ಮುತ್ತೆ, ಬಿಟ್ರೆ ಕಾಲ ಬುಡಕ್ಕೇ ಬೀಳುತ್ತೆ, ನೋಡಿಲ್ವಾ. ನಿಮ್ಮ ಮೆಕ್ಯಾನಿಕ್ಕು ಬ್ಯಾಕ್ ಪ್ರೆಶರ್ ಹೋಗುತ್ತೆ ಅನ್ನೋದು ಇದನ್ನೇ, ಅವ್ರು ಕಂಡಿದ್ದು ಸರಿ, ಇಟ್ಟ ಹೆಸರು ತಪ್ಪು. ಯಾವ ಎಂಜಿನ್ನಿಗೂ ಬ್ಯಾಕ್ ಪ್ರೆಶರ್ ಬೇಡ, ಬೇಕಾಗಿರೋದು ಹೊಗೆಯ ವೇಗ.

ಹಾಗಾದ್ರೆ ಪಿಕಪ್‌ಗೆ ಏನ್ ಮಾಡೋದು? ಟೈರ್ ಯಾವ್ದು ಹಾಕಿದೀರಿ ಅಂತ ಬರ್ದೇ ಇಲ್ಲ ನೀವು! 205/70 ಇದ್ದ ಜಾಗಕ್ಕೆ ಭಾನುವಾರದ ಶೋಕಿಗೆ 235/75 ಹಾಕಿದ್ರೆ ಚಕ್ರದ ಎತ್ತರ ಹತ್ತು ಪರ್ಸೆಂಟ್ ಹತ್ರ ಜಾಸ್ತಿ ಆಯ್ತು, ಅಂದ್ರೆ ಪ್ರತಿ ಗೇರಲ್ಲೂ ಎಳೆಯೋ ಶಕ್ತಿ ಅಷ್ಟೇ ಕಮ್ಮಿ ಆಯ್ತು, ಯಾವ ಹೆಡರೂ ಅದನ್ನ ವಾಪಸ್ ಕೊಡಲ್ಲ. ಅದಾದ್ಮೇಲೆ ಹೊಗೇಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒಂದು ಪ್ರೆಶರ್ ಗೇಜ್ ಹಾಕಿಸಿ, ಎಂಜಿನ್ ಬಿಸಿ ಆದ್ಮೇಲೆ 2500ಕ್ಕೆ ರೇಸ್ ಮಾಡಿ ಹಿಡೀರಿ. 3 ಪಿಎಸ್‌ಐ ಮೀರಿದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ರೋ ಸೈಲೆನ್ಸರ್ರೋ ಎಲ್ಲೋ ಕಟ್ಕೊಂಡಿದೆ, ಬಿಸಿಲೆ ಹಳ್ಳದಲ್ಲಿ ಇಳಿಸಿ ಇಳಿಸಿ ಒಳಗೆ ತುಕ್ಕು ಹಿಡಿದು ತಟ್ಟೆ ಬಿದ್ದಿರೋದೂ ಉಂಟು. ಖರ್ಚು ಮಾಡೋದಾದ್ರೆ ಅಲ್ಲಿ ಮಾಡಿ.

ಎಲ್ಲಾ ಮುಗಿದ್ಮೇಲೂ ಹೆಡರ್ ಬೇಕೇ ಬೇಕು ಅನ್ನೋ ಹಟ ಇದ್ರೆ ನಾಲ್ಕು-ಎರಡು-ಒಂದು (ನಾಲ್ಕು ಪೈಪು ಮೊದ್ಲು ಎರಡಾಗಿ, ಆಮೇಲೆ ಒಂದಾಗಿ ಸೇರೋದು) ಮಾಡ್ಸಿ, ನಾಲ್ಕು-ಒಂದು ಬೇಡ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳು ಹೊತ್ತಿಕೊಳ್ಳೋ ಸರದಿ, 1-3-4-2, ಹಾಗಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ, ಜೋಡಿಯೊಳಗೆ ಒಂದಕ್ಕೊಂದು ಪೂರ್ತಿ ಒಂದು ಸುತ್ತು ಅಂತರ ಇರುತ್ತೆ, ಒಂದರ ಹೊಗೆ ಇನ್ನೊಂದರ ಮುಖಕ್ಕೆ ಹೊಡಿಯಲ್ಲ. ಇದು ನಡುವಿನ ಆರ್‌ಪಿಎಂನಲ್ಲಿ ಸ್ವಲ್ಪ ಚೆನ್ನಾಗಿ ಎಳೆಯುತ್ತೆ. ಪೈಪಿನ ಹೊಟ್ಟೆ ಮುಂದಿನ ಆಕ್ಸಲ್‌ಗಿಂತ ಕೆಳಗೆ ಜೋತು ಬೀಳ್ದಂಗೆ ನೋಡ್ಕೊಳ್ಳಿ, ಮೊದಲನೇ ಕಲ್ಲಿಗೇ ಚಪ್ಪಟೆ ಆಗುತ್ತೆ.

ಪ್ರಶ್ನೆ: ಎಸ್ಟೀಮ್‌ಗೆ ಹೋದ ವರ್ಷ ಹೆಡರ್ ಹಾಕಿಸ್ದೆ. ಸೌಂಡ್ ಓಕೆ, ಪಿಕಪ್ಪೂ ಮೇಲೆ ಓಕೆ, ಆದ್ರೆ 14 ಕೊಡ್ತಿದ್ದ ಮೈಲೇಜು 10ಕ್ಕೆ ಬಂತು, ಹಿಂದೆ ನಿಂತ್ರೆ ಪೆಟ್ರೋಲ್ ವಾಸ್ನೆ. ಮಾಡಿಕೊಟ್ಟವ್ರನ್ನ ಕೇಳಿದ್ರೆ ಕಾಲು ಭಾರ ಸಾರ್ ನಿಮ್ದು ಅಂತಾರೆ.
— ತುಮಕೂರಿನ ಓದುಗರು

ಉತ್ತರ: ನಿಮ್ಮ ಕಾಲಿಂದೇನೂ ತಪ್ಪಿಲ್ಲ. ಹೆಡ್ಡಿಗೂ ಆಕ್ಸಿಜನ್ ಸೆನ್ಸರಿಗೂ ನಡುವೆ ಎಲ್ಲೋ ಲೀಕ್ ಇದೆ ಅಂತ ತೊಂಬತ್ತು ಪಾಲು ಅನುಮಾನ. ಜನ ಏನ್ ಅಂದ್ಕೋತಾರೆ ಅಂದ್ರೆ ಲೀಕ್ ಆದ್ರೆ ಹೊಗೆ ಹೊರಗೆ ಹೋಗುತ್ತೆ ಅಷ್ಟೆ ತಾನೆ ಅಂತ. ಹೊಗೆ ಬರೋದು ಒಂದೇ ಸಮ ಅಲ್ಲ, ಬಡಿತ ಬಡಿತವಾಗಿ ಬರುತ್ತೆ, ಎರಡು ಬಡಿತದ ನಡುವೆ ಪೈಪೊಳಗೆ ಒತ್ತಡ ಹೊರಗಿನದಕ್ಕಿಂತ ಕೆಳಗೆ ಇಳಿಯುತ್ತೆ, ಆಗ ಅದೇ ಬಿರುಕಿಂದ ಹೊರಗಿನ ಗಾಳಿ ಒಳಗೆ ಹೋಗುತ್ತೆ. ಸೆನ್ಸರ್ ಪಾಪ ಆ ಗಾಳಿ ನೋಡಿ ಅಯ್ಯೋ ಪೆಟ್ರೋಲ್ ಕಮ್ಮಿ ಆಯ್ತು ಅಂತ ಇಸಿಯುಗೆ, ಅಂದ್ರೆ ಎಂಜಿನ್ನಿನ ಕಂಪ್ಯೂಟರಿಗೆ, ವರದಿ ಮಾಡುತ್ತೆ, ಇಸಿಯು ನಂಬಿ ಇನ್ನಷ್ಟು ಸುರಿಯುತ್ತೆ. ವಾಸ್ನೆ ಬರ್ತಿರೋದು ಅದೇ.

ಹುಡುಕೋದು ಸುಲಭ. ರಾತ್ರಿ ಇಡೀ ತಣ್ಣಗೆ ನಿಂತ ಗಾಡಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮೂರಡಿ ರಬ್ಬರ್ ಪೈಪಿನ ಒಂದು ತುದಿ ಕಿವಿ ಹತ್ರ, ಇನ್ನೊಂದು ತುದಿನ ಪ್ಯಾಕಿಂಗ್ ಅಂಚಿನ ಉದ್ದಕ್ಕೂ ಆಡಿಸ್ತಾ ಹೋಗಿ, ಫ್ಯಾನ್ ಬೆಲ್ಟಿಗೆ ದೂರ ಇರಿ. ಲೀಕ್ ಇರೋ ಕಡೆ ಟಿಕ್ ಟಿಕ್ ಟಿಕ್ ಅಂತ ಕಿವಿಗೇ ಹೊಡಿಯುತ್ತೆ. ಬಿಸಿ ಆದ್ಮೇಲೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಕೊಂಡು ಸದ್ದು ನಿಂತ್ಹೋಗುತ್ತೆ, ಹಾಗಾಗಿ ಮಧ್ಯಾಹ್ನ ಗ್ಯಾರೇಜಿಗೆ ಓಡಿಸ್ಕೊಂಡ್ ಹೋಗಿ ತೋರ್ಸಿದ್ರೆ ಏನೂ ಇಲ್ಲ ಸಾರ್ ಅಂತಾರೆ, ಅವ್ರು ಸುಳ್ಳು ಹೇಳ್ತಿಲ್ಲ. ಪ್ಯಾಕಿಂಗ್ ಸುತ್ತ ಕಾಡಿಗೆ ಬಳಿದಂಗೆ ಕಪ್ಪು ಗೆರೆ ಇದ್ರೆ ಸಾಕ್ಷಿ ಸಿಕ್ಕಂಗೆ.

ಕಾರಣ ಹೆಚ್ಚಾಗಿ ಫ್ಲೇಂಜು. ಹೆಡ್ಡಿಗೆ ಕೂರೋ ಪಟ್ಟಿನ 5, 6 ಎಂಎಂ ಪ್ಲೇಟಲ್ಲಿ ಕತ್ತರಿಸಿದ್ರೆ ವೆಲ್ಡಿಂಗ್ ಶಾಖಕ್ಕೇ ಬಾಳೆಎಲೆ ಥರ ಸುರುಳಿ ಆಗುತ್ತೆ, 10 ಎಂಎಂ ಇರ್ಬೇಕು, ವೆಲ್ಡ್ ಆದ್ಮೇಲೆ ಮತ್ತೆ ಸರ್ಫೇಸ್ ಗ್ರೈಂಡಿಂಗ್ ಹೊಡಿಸ್ಬೇಕು. ಇನ್ನೊಂದು ವಿಷ್ಯ, ಕಬ್ಬಿಣಕ್ಕಿಂತ 304 ಸ್ಟೇನ್‌ಲೆಸ್ ಜಾಸ್ತಿ ಹಿಗ್ಗುತ್ತೆ. 400 ಎಂಎಂ ಉದ್ದದ ತುಂಡು 600 ಡಿಗ್ರಿ ಬಿಸಿ ಏರಿದ್ರೆ ನಾಲ್ಕು ಎಂಎಂ ಬೆಳೆಯುತ್ತೆ. ಅದು ಬೆಳೆಯೋದು ಕುಗ್ಗೋದು, ಬೋಲ್ಟ್ ಸಡಿಲ ಆಗೋದು. ಹಾಕಿದ್ಮೇಲೆ ಮೊದಲ ಮೂರ್ನಾಲ್ಕು ಸಲ ಬಿಸಿಯಾಗಿ ತಣ್ಣಗಾದ್ಮೇಲೆ ಮತ್ತೆ ಪಾನಾ ಹಾಕಿ ಬಿಗಿ ಮಾಡ್ಲೇಬೇಕು. ಬೀಡಿನ ಮ್ಯಾನಿಫೋಲ್ಡ್ ಹದಿನೈದು ವರ್ಷ ಯಾರೂ ಮುಟ್ದೆ ಸುಮ್ಮನೆ ಕೂತಿರುತ್ತಲ್ಲ, ಅದರ ಬೆಲೆ ಆಗ ಗೊತ್ತಾಗುತ್ತೆ.

ನಗ್ಬೇಡಿ ಅಂದ್ರೆ ನಂದೂ ಒಂದು ಕಥೆ ಇದೆ. ಹೊಸದಾಗಿ ಗ್ಯಾರೇಜ್ ಹಾಕ್ದಾಗ ದುಡ್ಡಿಲ್ಲ, ಹುಮ್ಮಸ್ಸು ಮಾತ್ರ ಇತ್ತು, ನನ್ನ ಗಾಡಿಗೆ ನೀರಿನ ಜಿಐ ಪೈಪು ಬೆಂಡುಗಳನ್ನ ಸೇರಿಸಿ ಹೆಡರ್ ವೆಲ್ಡ್ ಮಾಡ್ದೆ, ಶಟರ್ ಅರ್ಧ ಎಳ್ಕೊಂಡು. ಜಿಐ ಅಂದ್ರೆ ಮೇಲೆ ಸತುವಿನ ಲೇಪ, ವೆಲ್ಡಿಂಗ್ ಶಾಖಕ್ಕೆ ಅದು ಬಿಳೀ ಹೊಗೆಯಾಗಿ ಎದ್ದು ಅಷ್ಟೂ ನನ್ನ ಎದೆಗೆ ಹೋಯ್ತು. ಆ ರಾತ್ರಿ ಎರಡು ಕಂಬಳಿ ಹೊದ್ರೂ ನಡುಕ ನಿಲ್ಲಲಿಲ್ಲ, ನಮ್ಮಮ್ಮ ಮಲೇರಿಯಾ ಅಂತ ಕಷಾಯ ಕಾಸಿದ್ರು. ಇಷ್ಟಾಗಿ ಆ ಹೆಡರ್ರು ಮೂರನೇ ದಿನ ಪ್ಲಗ್ ವೈರ್ ಕರಗಿಸ್ತು.

ಪ್ರಶ್ನೆ: ಮೂಲ ಮಂಡ್ಯ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೀನಿ. ಆಸೆಪಟ್ಟು 1972ರ ಶೆವ್ರೊಲೆ ಸಿ10 ಪಿಕಪ್ ತಗೊಂಡೆ, 350 ವಿ8, ಕಾರ್ಬುರೇಟರ್, ಕ್ಯಾಮ್ (ವಾಲ್ವ್ ತೆರೆದು ಮುಚ್ಚೋ ದಂಡ) ಎಲ್ಲಾ ಸ್ಟಾಕ್, ಅಂದ್ರೆ ಕಂಪನಿದೇ. ವೀಕೆಂಡ್ ಓಡಾಟಕ್ಕೆ ಮಾತ್ರ, ರೇಸ್ ಗೀಸ್ ಇಲ್ಲ. ಇಲ್ಲಿ ಎಲ್ಲರೂ ಮೊದಲ ದಿನವೇ ಹೆಡರ್ ಹಾಕು ಅಂತಾರೆ. ನಿಮ್ಮ ಅಭಿಪ್ರಾಯ ಹೇಳಿ ಅಣ್ಣಾ.
— ಫ್ರೀಮಾಂಟ್‌ನ ಓದುಗರು

ಉತ್ತರ: ಮಂಡ್ಯದೋರು ವಿ8 ತಗೊಂಡ್ರಿ ಅಂದ್ರೆ ಖುಷಿ ಆಯ್ತು, 5.7 ಲೀಟರ್ ಎಂಜಿನ್ನು, ಕಬ್ಬಿನ ಗಾಡಿ ಕಟ್ಟಿದ್ರೂ ಎಳೆಯುತ್ತೆ.

ನಿಮ್ಮ ವಿಷ್ಯದಲ್ಲಿ ನಾನು ಸಕಲೇಶಪುರದವ್ರಿಗೆ ಹೇಳ್ದಂಗೆ ಒಂದೇ ಮಾತಲ್ಲಿ ಬೇಡ ಅನ್ನಲ್ಲ. ಸ್ಮಾಲ್ ಬ್ಲಾಕ್ ಶೆವಿಯ ಫೈರಿಂಗ್ ಆರ್ಡರ್ 1-8-4-3-6-5-7-2. ಎಡಗಡೆ ಸಾಲಲ್ಲಿ 1, 3, 5, 7, ಬಲಗಡೆ 2, 4, 6, 8. ನೋಡಿ, 5 ಆದ ತಕ್ಷಣ 7, ಎರಡೂ ಒಂದೇ ಕಡೆ, ಪಕ್ಕಪಕ್ಕದ ಮನೆ, ನಡುವೆ 90 ಡಿಗ್ರಿ ಅಷ್ಟೇ ಅಂತರ. ಬಲಗಡೆ 8 ಮತ್ತು 4ರದ್ದೂ ಅದೇ ಪಾಡು. 5 ಇನ್ನೂ ಉಸಿರು ಬಿಡ್ತಿರೋವಾಗ್ಲೇ 7 ಅದರ ಮುಖಕ್ಕೆ ಕೆಮ್ಮುತ್ತೆ. ಅಮೆರಿಕದ ವಿ8 ಗುಡುಗುಡು ಅಂತ ಏರುಪೇರಾಗಿ ಸದ್ದು ಮಾಡೋದು ಇದ್ರಿಂದಾನೇ. ಸೌದೆ ಕೊರಡಿನ ಥರ ನೇರ ಒಂದು ಕೊಳವೆ ಇದ್ದು ನಾಲ್ಕು ಬಾಯೂ ಅದಕ್ಕೇ ಸುರಿಯೋ ಮಾದರಿ ಮ್ಯಾನಿಫೋಲ್ಡ್ ಇದ್ರೆ ಈ ಜಗಳ ಜೋರು. ಅದನ್ನ ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದೊಂದು ಪೈಪ್ ಕೊಟ್ರೆ ಫರಕು ಕಾಣುತ್ತೆ, ಮೇಲೆ ಮಾತ್ರ ಅಲ್ಲ ನಡುವೇನೂ.

ಆದ್ರೆ ಇದೇ ಎಂಜಿನ್ನಿಗೆ ಬೀಡಲ್ಲೇ ಇನ್ನೊಂದು ಮಾದರಿ ಇದೆ, ರ್‍ಯಾಮ್ಸ್ ಹಾರ್ನ್ ಅಂತಾರೆ, ನಮ್ಮ ಟಗರಿನ ಕೊಂಬು. ಎರಡೂ ಕಡೆಯಿಂದ ಕೊಂಬು ಬಾಗಿದಂಗೆ ಬಂದು ನಡುವೆ ಕೆಳಗೆ ಇಳಿಯುತ್ತೆ, ಒಳಗೆ ಜಾಗ ಧಾರಾಳ, ನೋಡೋಕೂ ಚಂದ. ನಿಮ್ಮ ಪಿಕಪ್ಪಲ್ಲಿ ಯಾವ್ದಿದೆ ಬಗ್ಗಿ ನೋಡಿ. ಟಗರಿನ ಕೊಂಬೇ ಇದ್ರೆ, ಅದ್ರಲ್ಲೂ ಎರಡೂವರೆ ಇಂಚಿನ ಬಾಯಿ ಇರೋದಾದ್ರೆ, ಮುಟ್ಬೇಡಿ. ಎರಡು ಇಂಚಿನ ಬಾಯಿಯದೂ ಬರುತ್ತೆ, ದೊಡ್ಡದಕ್ಕೆ ಬದಲಾಯಿಸ್ಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎರಡು ಕಡೆಗೂ ಬೇರೆ ಬೇರೆ ಪೈಪ್ ಎಳೆದು ನಡುವೆ ಒಂದು ಅಡ್ಡ ಪೈಪ್ ಸೇರಿಸಿ, ಒಳ್ಳೇ ಸೈಲೆನ್ಸರ್ ಹಾಕಿ. ಸ್ಟಾಕ್ ಕ್ಯಾಮಿಗೆ ಇದು ಸಾಕೋ ಸಾಕು, ಯಾಕಂದ್ರೆ ಹೆಡರ್ ಎಳೆದು ಕೊಡೋ ಲಾಭ ತಗೋಬೇಕಂದ್ರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಜಾಸ್ತಿ ಇರೋ ಕ್ಯಾಮ್ ಬೇಕು, ಸ್ಟಾಕಲ್ಲಿ ಅದು ಚೂರೇ ಚೂರು.

ಇನ್ನೊಂದು ಹಳೇ ಕಾಯಿಲೆ ಇದೆ, ಖರ್ಚಿಲ್ದೆ ವಾಸಿ ಆಗೋದು. ಒಂದು ಕಡೆಯ ಮ್ಯಾನಿಫೋಲ್ಡಿನ ಬಾಯಲ್ಲಿ ಹೀಟ್ ರೈಸರ್ ಅಂತ ಸ್ಪ್ರಿಂಗಿನ ಒಂದು ತಟ್ಟೆ ಇರಬಹುದು, ಚಳೀಲಿ ಬಾಯಿ ಮುಚ್ಚಿ ಬಿಸಿ ಹೊಗೇನ ಇಂಟೇಕ್ ಕೆಳಗೆ ಕಳ್ಸಿ ಕಾರ್ಬುರೇಟರ್ ಬೆಚ್ಚಗೆ ಮಾಡೋಕೆ. ಐವತ್ತು ವರ್ಷದ ಗಾಡಿಲಿ ಅದು ತುಕ್ಕು ಹಿಡಿದು ಮುಚ್ಚಿದ ಸ್ಥಿತೀಲೇ ಕಚ್ಕೊಂಡಿರೋ ಸಾಧ್ಯತೆ ಬಹಳ. ಆ ಒಂದು ತಟ್ಟೆ ಬಿಡಿಸಿದ್ರೆ ಹೆಡರ್ ಹಾಕಿದಷ್ಟೇ ಖುಷಿ.

ಅಕಸ್ಮಾತ್ ಮುಂದೆ ಕ್ಯಾಮೂ ಹೆಡ್ಡೂ ಬದಲಾಯಿಸ್ತೀನಿ ಅನ್ನೋದಾದ್ರೆ ಆಗ ಹೆಡರ್ ಹಾಕಿ, ಧೈರ್ಯವಾಗಿ. ಒಂದೂ ಐದು-ಎಂಟನೇ ಇಂಚಿನ ಪೈಪು, ಅಂದ್ರೆ ಸುಮಾರು 41 ಎಂಎಂ, ರಸ್ತೆ ಓಡಾಟದ 350ಗೆ ಅದೇ ಸರಿ. ಒಂದೂ ಮುಕ್ಕಾಲು ಇಂಚಿಂದು ಅಂಗಡಿಯವ್ರು ತೋರಿಸ್ತಾರೆ, ಅದು ಇನ್ನೂ ಜೋರಿನ ಎಂಜಿನ್ನಿಗೆ. ಗಿಡ್ಡ ಪೈಪಿನ ಹೆಡರಿಗೂ ಒಳ್ಳೇ ಟಗರಿನ ಕೊಂಬಿಗೂ ವ್ಯತ್ಯಾಸ ಅಷ್ಟೇನಿಲ್ಲ, ದುಡ್ಡು ಹಾಕೋದಾದ್ರೆ ಉದ್ದ ಪೈಪಿಂದಕ್ಕೇ ಹಾಕಿ. ಸ್ಟಾರ್ಟರ್ ಮೋಟಾರ್ ಬಲಗಡೆ ಕೆಳಗಿದೆ, ಹೆಡರ್ ಪೈಪು ಅದರ ಮಗ್ಗುಲಲ್ಲೇ ಹೋಗುತ್ತೆ. ಬಿಸಿಲಲ್ಲಿ ಪೆಟ್ರೋಲ್ ಹಾಕಿಸಿ ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಊಂ... ಊಂ... ಅಂತ ಸತ್ತಂಗೆ ತಿರುಗುತ್ತೆ, ಶಾಖಕ್ಕೆ. ಒಂದು ತಗಡಿನ ಅಡ್ಡಗೋಡೆ ಹಾಕಿಸ್ಕೊಳ್ಳಿ.

ಕಾನೂನು ವಿಷ್ಯದಲ್ಲಿ ನೀವು ಅದೃಷ್ಟವಂತ್ರು, ನಿಮ್ಮ ರಾಜ್ಯದಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ. 1976ರದ್ದೋ ಅದಕ್ಕಿಂತ ಈಚಿನದೋ ಆಗಿದ್ರೆ ಹೆಡರ್ ಮೇಲೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ನಂಬರ್ ಇದ್ಯಾ ಅಂತ ನೋಡ್ಬೇಕಿತ್ತು. ಸದ್ದಿಗೆ 95 ಡೆಸಿಬಲ್ ಮಿತಿ ಇದೆ, ಅದು ಹಳೇ ಗಾಡಿಗೂ ಬಿಟ್ಟಿಲ್ಲ.

ಪ್ರಶ್ನೆ: ಪೋಲೋ 1.0 ಟಿಎಸ್‌ಐಗೆ ಯಾವ ಹೆಡರ್ ಬೆಸ್ಟ್ ಬ್ರೋ?
— ಮೈಸೂರಿನ ಓದುಗರು

ಉತ್ತರ: ಯಾವ್ದೂ ಇಲ್ಲ ಬ್ರೋ. ಬಾನೆಟ್ ತೆಗೆದು ಮ್ಯಾನಿಫೋಲ್ಡ್ ಎಲ್ಲಿದೆ ಅಂತ ನೋಡು ಮೊದ್ಲು. ಸಿಗಲ್ಲ. ಆ ಎಂಜಿನ್ನಲ್ಲಿ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಸೇರಿಸಿ ಒಂದೇ ಎರಕ ಮಾಡಿದಾರೆ, ಸುತ್ತ ಕೂಲಂಟ್ ಓಡುತ್ತೆ, ಹೊರಗೆ ಬರೋದು ಒಂದೇ ಬಾಯಿ, ಅದಕ್ಕೆ ನೇರ ಟರ್ಬೋ. ಟರ್ಬೋ ಗಾಡಿಗಳ ಕಥೇನೇ ಬೇರೆ, ಅಲ್ಲಿ ಹೊಗೆಯ ಶಾಖ ಕಳ್ಕೊಳ್ದೆ ಆದಷ್ಟು ಹತ್ರದ ದಾರೀಲಿ ಟರ್ಬೈನ್‌ಗೆ ಮುಟ್ಟಿಸ್ಬೇಕು. ದುಡ್ಡು ಇಟ್ಕೊಂಡು ಒಳ್ಳೇ ಟೈರ್ ಹಾಕ್ಸು.

ಪ್ರಶ್ನೆ: ಬುಲೆಟ್ಟಿನ ಬೆಂಡ್ ಪೈಪಿಗೆ ಬಟ್ಟೆ ಥರದ ಹೀಟ್ ರ್‍ಯಾಪ್ ಸುತ್ತಿಸ್ಲಾ? ನೋಡೋಕೆ ಚೆನ್ನಾಗಿರುತ್ತೆ. ಕಾರಿನ ಬೀಡಿನ ಮ್ಯಾನಿಫೋಲ್ಡಿಗೂ ಸುತ್ತಬಹುದಾ?
— ಮಡಿಕೇರಿಯ ಓದುಗರು

ಉತ್ತರ: ನಿಮ್ಮೂರ ಜೂನ್ ಜುಲೈ ಮಳೇಲಾ? ಅದು ಒದ್ದೆ ಗೋಣಿಚೀಲ ಸುತ್ತಿದಂಗೆ. ನೀರು ಹೀರ್ಕೊಂಡು ಪೈಪಿಗೆ ಅಂಟ್ಕೊಂಡಿರುತ್ತೆ, ಮಾಮೂಲಿ ಕಬ್ಬಿಣದ ಪೈಪಾದ್ರೆ ಒಳಗೊಳಗೇ ತಿಂದ್ಹಾಕುತ್ತೆ, ಎರಡು ಮಳೆಗಾಲ ಕಳೆದು ಬಿಚ್ಚಿದ್ರೆ ಚಕ್ಕೆ ಚಕ್ಕೆ. ಬೀಡಿಗೂ ಬೇಡ, ಶಾಖ ಹೊರಗೆ ಹೋಗ್ದೆ ಒಳಗೇ ಕೂತು ಬಿರುಕು ಬಿಡೋ ಸಾಧ್ಯತೆ ಜಾಸ್ತಿ. ಶಾಖ ತಡೀಬೇಕು ಅಂದ್ರೆ ಕಂಪನಿ ಕೊಟ್ಟಿರೋ ತಗಡಿನ ಶೀಲ್ಡ್ ಇದ್ಯಲ್ಲ, ಗಲಗಲ ಅಂತ ಸದ್ದು ಮಾಡುತ್ತೆ ಅಂತ ಕಿತ್ತು ಎಸೀತಾರೆ ಎಲ್ಲಾ, ಅದನ್ನ ಎರಡು ವಾಷರ್ ಹಾಕಿ ವಾಪಸ್ ಕೂರಿಸಿ.

ಪ್ರಶ್ನೆ: ಹೆಡರ್ ಹಾಕಿದ್ರೆ ಪೊಲೀಸ್ರು ಹಿಡೀತಾರಾ? ಒಳಗಿರೋದು ತಾನೆ, ಯಾರಿಗೆ ಕಾಣುತ್ತೆ.
— ದಾವಣಗೆರೆಯ ಓದುಗರು

ಉತ್ತರ: ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳುತ್ತೆ ಸ್ವಾಮಿ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಾಯಿಸೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟೇ 2019ರ ಜನವರೀಲಿ ಹೇಳಿದೆ. ಅದೇ ವರ್ಷ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೇಲಿ ಮಾಲೀಕ ಅನುಮತಿ ಇಲ್ದೆ ಗಾಡಿ ಮಾರ್ಪಾಡು ಮಾಡಿದ್ರೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡಕ್ಕೆ ಅವಕಾಶ ಇದೆ, ಸದ್ದು ಹೊಗೆಯ ಮಿತಿ ಮೀರಿದ್ರೆ 10,000ದವರೆಗೆ, ಮೇಲೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಹಿಡಿದ ಸೈಲೆನ್ಸರ್‌ಗಳನ್ನ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ನೋಡಿರ್ತೀರಿ. ರ್‍ಯಾಲಿ ಓಡಿಸೋರದ್ದು ಬೇರೆ ಮಾತು, ಅವ್ರ ಗಾಡಿ ಅವ್ರ ಕ್ಲಾಸಿನ ನಿಯಮಕ್ಕೆ ಕಟ್ಟಿರೋದು. ದಾವಣಗೆರೆ ಪೇಟೇಲಿ ದೋಸೆ ತಿನ್ನೋಕ್ ಹೋಗೋ ಗಾಡಿಗೆ ಅದು ಬೇಕಾ, ನೀವೇ ಯೋಚ್ನೆ ಮಾಡಿ.

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಅಜ್ಜಾರ ಕಾಲದ ಅಂಬಾಸಿಡರ್ ಐತಿ, ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಡುಕ ಸೀಳಿ ಬಿಟ್ಟೈತಿ. ಒಬ್ಬಾಂವ ವೆಲ್ಡಿಂಗ್ ನಿಲ್ಲಂಗಿಲ್ಲ ಅಂತಾನ, ಇನ್ನೊಬ್ಬಾಂವ ನಾಕು ಪೈಪಿನ ಹೆಡರ್ ಮಾಡಿ ಕೊಡ್ತೇನಿ ಅಂತಾನ. ಏನ್ ಮಾಡೂದ್ರಿ?
— ಧಾರವಾಡದ ಓದುಗರು

ಉತ್ತರ: ನಾಕು ಪೈಪ್ ಮಾಡಿ ಕೊಡ್ತೇನಿ ಅಂದವ್ರು ಆ ಹೆಡ್ ಬಿಚ್ಚಿ ನೋಡಿಲ್ಲ ರೀ. ಆ ಎಂಜಿನ್ನಿಗೆ ಸಿಲಿಂಡರ್ ನಾಲ್ಕಿದ್ರೂ ಹೊಗೆ ಹೊರಗ್ ಬರೋ ಬಾಯಿ ಮೂರೇ, ನಡುವಿನ 2 ಮತ್ತು 3ಕ್ಕೆ ಸೇರಿ ಒಂದೇ ಬಾಯಿ. ಹೆಡರ್ ಮಾಡಿದ್ರೂ ಮೂರು ಪೈಪಿಂದೇ ಮಾಡ್ಬೇಕು. ಅದೂ ಅಲ್ದೆ ಇಂಟೇಕು ಎಕ್ಸಾಸ್ಟು ಎರಡೂ ಒಂದೇ ಪಕ್ಕ, ಕಾರ್ಬುರೇಟರ್ ಕೆಳಗಿನ ಜಾಗ ಈ ಬೀಡಿನ ಬಿಸಿಗೇ ಬೆಚ್ಚಗಾಗೋದು. ಅದನ್ನ ತೆಗೆದ್ರೆ ಧಾರವಾಡದ ಡಿಸೆಂಬರ್ ಬೆಳಿಗ್ಗೆ ಗಾಡಿ ಮೊದಲ ಎರಡು ಮೈಲಿ ಕೆಮ್ಮುತ್ತಾ ಹೋಗುತ್ತೆ. ಹಂಗಾಗಿ ಬೀಡೇ ಉಳಿಸ್ಕೊಳ್ಳಿ.

ವೆಲ್ಡಿಂಗ್ ನಿಲ್ಲಲ್ಲ ಅನ್ನೋದು ಅರ್ಧ ಸತ್ಯ. ಮಾಮೂಲಿ ರಾಡಲ್ಲಿ ಚರ್ ಅಂತ ಎಳೆದ್ರೆ ಕಣ್ಣೆದುರೇ ಪಕ್ಕದಲ್ಲಿ ಹೊಸಾ ಸೀಳು ಬಿಡುತ್ತೆ. ಬೀಡಲ್ಲಿ ಇಂಗಾಲ ಜಾಸ್ತಿ, ಒಂದು ಕಡೆ ಬಿಸಿ ಒಂದು ಕಡೆ ತಣ್ಣಗೆ ಆದ್ರೆ ತಡ್ಕೊಳ್ಳಲ್ಲ. ನಿಮ್ಮಿಂದ ಬೆಳಗಾವಿ ದೂರ ಇಲ್ಲ, ಉದ್ಯಮಬಾಗದಲ್ಲಿ ಬೀಡಿನ ವೆಲ್ಡಿಂಗ್ ಬಲ್ಲ ಹಳೇ ಕೈಗಳು ಇನ್ನೂ ಅದಾವ. ಅವ್ರು ಮಾಡೋದು ಹೀಗೆ, ನಿಂತು ನೋಡಿ ಮಾಡಿಸ್ಕೊಳ್ಳಿ. ಮೊದ್ಲು ಸೀಳಿನ ಎರಡೂ ತುದೀಲಿ 3 ಎಂಎಂ ತೂತು ಕೊರೀತಾರೆ, ಸೀಳು ಮುಂದಕ್ಕೆ ಓಡ್ದಂಗೆ. ಆಮೇಲೆ ಸೀಳಿನ ಉದ್ದಕ್ಕೂ ನೇಗಿಲ ಸಾಲಿನಂಗೆ ಗ್ರೈಂಡರಲ್ಲಿ ತೋಡು ತೆಗೆದು, ವರ್ಷಗಟ್ಟಲೆ ಕುಡಿದಿರೋ ಮಸಿ ಎಣ್ಣೆ ಎಲ್ಲಾ ಸುಟ್ಟು ಹೋಗೋ ಹಂಗೆ ಕಾಯಿಸ್ತಾರೆ. ಪೂರ್ತಿ ತುಂಡನ್ನ 250, 300 ಡಿಗ್ರಿವರೆಗೆ ನಿಧಾನಕ್ಕೆ ಬಿಸಿ ಮಾಡಿ, ನಿಕ್ಕಲ್ ರಾಡಲ್ಲಿ ಒಂದು ಇಂಚು ವೆಲ್ಡು, ನಿಲ್ಸಿ, ಗುಂಡು ಸುತ್ತಿಗೇಲಿ ಮೆಲ್ಲಗೆ ಟಕ ಟಕ ಬಡಿದು, ಮತ್ತೆ ಒಂದು ಇಂಚು. ಅವಸರ ಮಾಡೋರ ಹತ್ರ ಮಾತ್ರ ಕೊಡ್ಬೇಡಿ. ನಿಕ್ಕಲ್ ರಾಡ್ ತುಟ್ಟಿ, ಹಾಗಾಗಿ ಮೊದ್ಲೇ ಕೇಳಿ ಖಚಿತ ಮಾಡ್ಕೊಳ್ಳಿ ಯಾವ ರಾಡ್ ಅಂತ.

ವೆಲ್ಡ್ ಮುಗಿದ್ಮೇಲೆ ಹೊರಗಡೆ ಗಾಳೀಲಿ ಇಡಂಗಿಲ್ಲ, ಒಣಗಿದ ಬೂದಿ ತುಂಬಿದ ಡ್ರಮ್ಮಲ್ಲಿ ಹೂತಿಟ್ಟು ಮನೆಗೆ ಹೋಗೋದು. ನಾವು ಫೌಂಡ್ರೀಲಿ ರಾತ್ರಿ ಹೂತಿಟ್ರೆ ಬೆಳಿಗ್ಗೆ ಚಾ ಕುಡಿಯೋ ಹೊತ್ತಿಗೂ ಕೈಗೆ ಉಗುರುಬೆಚ್ಚಗೆ ಇರ್ತಿತ್ತು. ತೆಗೆದ್ಮೇಲೆ ಹೆಡ್ಡಿಗೆ ಕೂರೋ ಮುಖದ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ, 0.3 ಎಂಎಂ ತಗಡು ಒಳಗೆ ಹೋದ್ರೆ ಮುಖ ಸೊಟ್ಟ ಆಗಿದೆ, ಗ್ರೈಂಡಿಂಗ್ ಮಾಡಿಸ್ಬೇಕು.

ಅದಕ್ಕೂ ಮುಂಚೆ ಒಂದು ಕೆಲ್ಸ ಮಾಡಿ. ತುಂಡನ್ನ ಒಂದು ತಂತೀಲಿ ತೂಗುಹಾಕಿ ಸಣ್ಣ ಸುತ್ತಿಗೇಲಿ ತಟ್ಟಿ. ಟಣ್ ಅಂತ ಗುಡಿ ಗಂಟೆಯಂಗೆ ಎಳೆದ್ರೆ ಗಾಡಿಗೆ ಕಟ್ಟಿ. ಟಪ್ ಅಂತ ಒಡಕು ಮಡಕೆ ಸದ್ದು ಬಂದ್ರೆ ಕಣ್ಣಿಗೆ ಕಾಣ್ದಿರೋ ಇನ್ನೊಂದು ಸೀಳು ಒಳಗೆ ಕೂತಿದೆ, ಗ್ರೈಂಡಿಂಗ್ ದುಡ್ಡು ಉಳಿಸಿ ಗುಜರಿ ಕಡೆ ಹೋಗಿ ಬೇರೆ ಹುಡ್ಕಿ, ಅಲ್ಲೂ ಕೊಳ್ಳೋಕ್ ಮುಂಚೆ ತಟ್ಟಿ ನೋಡಿ.